ಕಾವಡಿಯ ಎರಡು ತುದಿ

ಹೆಗಲ ಮೇಲಿರಿಸಿದ ಬಿದಿರು ದಬ್ಬೆಯ ಎರಡು ತುದಿಗಳಿಂದ ಹಗ್ಗದ ನೆಲವುಗಳನ್ನು ಇಳಿಬಿಟ್ಟು, ಒಂದೊಂದು ನೆಲವಿನಲ್ಲಿ ಒಂದೊಂದು ಕೊಡವನ್ನು ಕೂರಿಸಿ ನೀರು ಸಾಗಿಸುವ ಸಾಧನಕ್ಕೆ ಕನ್ನಡದಲ್ಲಿ ಕಾವಡಿ ಎಂದು ಹೆಸರು. ಅಡ್ಡೆ ಎಂಬುದೂ ಇದೇ ಸಾಧನವನ್ನು ಹೇಳುವ ಮಾತಾಗಿದ್ದು, ಅದು ಅಡ್ಡ ಎಂಬ ಪದದ ಬಳಗಕ್ಕೆ ಸೇರಿದೆ. ನೆಲವು ಎಂದರೆ ಹಳೆಯ ಮನೆಗಳ ತೊಲೆಗೆ ತೂಗುಬಿಟ್ಟು, ಹಾಲು ಬೆಣ್ಣೆಯ ಗಡಿಗೆಗಳನ್ನು ಬೆಕ್ಕಿನ ಬಾಯಿಗೆ ಸಿಗದಂತೆ ಇರಿಸುತ್ತಿದ್ದ ಹಗ್ಗದ ಜಾಲ. ಅದನ್ನೇ ತೊಲೆಯಿಂದ ಬಿಚ್ಚಿ ದಂಡಕ್ಕೆ ಕಟ್ಟಿದರೆ ಕಾವಡಿಯ ಅರ್ಧ ಕೆಲಸ ಮುಗಿದಂತೆ. ಉಳಿದ ಅರ್ಧ ದಬ್ಬೆಯನ್ನು ಆರಿಸುವುದರಲ್ಲಿದೆ. ಅದು ಭಾರಕ್ಕೆ ಬಾಗಬೇಕು, ಆದರೆ ಮುರಿಯಬಾರದು. ಹೆಗಲು ತಾಗುವ ನಡುಭಾಗ ಅಗಲವಾಗಿ ನುಣುಪಾಗಿರಬೇಕು, ತುದಿಗಳಲ್ಲಿ ಹಗ್ಗ ಜಾರದಂತೆ ಕಚ್ಚು ಇರಬೇಕು.

ಕಾವಡಿಯಲ್ಲಿ ಒಂದೇ ಕೊಡವನ್ನು ಹೊರಲಾಗದು ಎಂಬುದು ಈ ಸಾಧನದ ಮೊದಲ ನಿಯಮ. ಒಂದು ಬದಿಗೆ ನೀರಿದ್ದರೆ ಇನ್ನೊಂದು ಬದಿಗೆ ಅಷ್ಟೇ ತೂಕದ ನೀರೋ ಕಲ್ಲೋ ಇರಲೇಬೇಕು, ಇಲ್ಲವೇ ಹೊರುವವನು ದಂಡವನ್ನು ಹೆಗಲ ಮೇಲೆ ಸರಿಸಿ ಭಾರವಿರುವ ತುದಿಯನ್ನು ಹತ್ತಿರಕ್ಕೆ ಎಳೆದುಕೊಳ್ಳಬೇಕು. ಹಾಗಾಗಿ ಇದು ಹೊರೆ ಹೊರುವ ಸಾಧನವಾಗಿರುವಂತೆಯೇ ನಡೆದಾಡುವ ತಕ್ಕಡಿಯೂ ಹೌದು. ಕನ್ನಡದ ತೂಗು ಎಂಬ ಕ್ರಿಯಾಪದದಲ್ಲಿ ನೇತಾಡುವುದು, ಓಲಾಡುವುದು, ತೂಕ ನೋಡುವುದು ಎಂಬ ಮೂರು ಅರ್ಥಗಳೂ ಒಟ್ಟಿಗೆ ಇರುವುದು ಕಾವಡಿಯನ್ನು ಕಂಡವರಿಗೆ ಸಹಜವಾಗಿಯೇ ತೋರುತ್ತದೆ, ಏಕೆಂದರೆ ಈ ಮೂರೂ ಅಲ್ಲಿ ಏಕಕಾಲದಲ್ಲಿ ನಡೆಯುತ್ತವೆ. ಜಪಾನಿನಲ್ಲಿ ಇಂಥದೇ ದಂಡಕ್ಕೆ ತೆಂಬಿನ್‌ಬೊ, ಅಂದರೆ ತಕ್ಕಡಿಕೋಲು, ಎಂಬ ಹೆಸರಿದೆ.

ದಬ್ಬೆಯ ಬಾಗುಗುಣದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹುಕಾಲದಿಂದ ಇದೆ. ದಂಡವು ಹೆಜ್ಜೆಯ ಲಯಕ್ಕೆ ತಕ್ಕಂತೆ ಮೇಲೆ ಕೆಳಗೆ ಜೀಕುವುದರಿಂದ ಹೊರುವವನಿಗೆ ದಣಿವು ಕಡಿಮೆ ಎಂದು ನೋಡಿದವರು ಭಾವಿಸುತ್ತಾರೆ. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ರಾಜರ್ ಕ್ರಾಮ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಗುವ ದಂಡಗಳಲ್ಲಿ ಭಾರ ಹೊತ್ತು ಓಡುವವರನ್ನು ಪರೀಕ್ಷಿಸಿದಾಗ, ದೇಹ ವ್ಯಯಿಸುವ ಶಕ್ತಿಯಲ್ಲಿ ಉಳಿತಾಯವೇನೂ ಕಾಣಲಿಲ್ಲ. ಆದರೆ ಪ್ರತಿ ಹೆಜ್ಜೆಗೂ ಹೆಗಲಿಗೆ ಬೀಳುವ ಹೊಡೆತ ಮಾತ್ರ ಗಣನೀಯವಾಗಿ ತಗ್ಗಿತ್ತು. ಭಾರವನ್ನು ಕಾವಡಿ ಕಡಿಮೆ ಮಾಡುವುದಿಲ್ಲ, ಅದು ಕಾಪಾಡುವುದು ಹೆಗಲನ್ನು. ನೀರಿನ ತೂಕ ಲೀಟರಿಗೆ ಒಂದು ಕಿಲೋ ಎಂಬ ಲೆಕ್ಕ ಬಿದಿರಿನ ಕೆಳಗೂ ಬದಲಾಗದು.

ಪದದ ಹುಟ್ಟು ದ್ರಾವಿಡ ಭಾಷೆಗಳಲ್ಲಿದೆ. ಬರೋ ಮತ್ತು ಎಮೆನೋ ಸಂಕಲಿಸಿ 1961ರಲ್ಲಿ ಮೊದಲು ಪ್ರಕಟಿಸಿದ ದ್ರಾವಿಡ ನಿಷ್ಪತ್ತಿ ಕೋಶವು ತಮಿಳಿನ ಕಾ, ಕಾವು, ಕಾವಡಿ, ಮಲಯಾಳದ ಕಾವು, ಕಾವಡಿ, ಕನ್ನಡ ಮತ್ತು ತೆಲುಗಿನ ಕಾವಡಿ ಇವುಗಳನ್ನು ಒಂದೇ ಗುಂಪಿನಲ್ಲಿ ಇರಿಸುತ್ತದೆ. ತಮಿಳಿನಲ್ಲಿ ಕಾ ಎಂದರೆ ಎರಡು ತುದಿಗೆ ಹಗ್ಗವಿರುವ ಹೊರೆದಂಡ, ಕಾವು ಎಂದರೆ ಹೆಗಲ ಮೇಲೆ ಹೊರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲ್ ಕೋಶದಲ್ಲಿಯೂ ಕಾವಡಿಗೆ ನೇರವಾಗಿ ಈ ಅರ್ಥವೇ ಇದೆ. ಮರಾಠಿ ಗುಜರಾತಿಗಳ ಕಾವಡ್, ಹಿಂದಿಯ ಕಾಂವರ್ ಇವುಗಳಿಗೂ ಈ ಪದಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಭಾರ ಹೊರುವ ಮಂದಿ ಒಂದು ಸೀಮೆಯಿಂದ ಇನ್ನೊಂದಕ್ಕೆ ಸಾಗುವಾಗ ತಮ್ಮ ಸಾಧನದ ಹೆಸರನ್ನೂ ಹೊತ್ತೊಯ್ದಿರಬಹುದು. ದಸರಾ ಆನೆಗಳ ಮಾವುತರ ಜೊತೆಗೆ ಕೇಳಿಬರುವ ಕಾವಾಡಿ ಎಂಬ ಹೆಸರು ಇಲ್ಲಿ ಓದುಗರಿಗೆ ನೆನಪಾಗಬಹುದು, ಆದರೆ ಧ್ವನಿಯ ಹೋಲಿಕೆ ಒಂದನ್ನೇ ನೆಚ್ಚಿ ಅದನ್ನು ಈ ಬಳಗಕ್ಕೆ ಎಳೆದು ತರುವುದು ಸರಿಯಲ್ಲ.

ಸಂಸ್ಕೃತವು ಇದೇ ಸಾಧನಕ್ಕೆ ಬೇರೆ ಬೇರೆ ಹೆಸರುಗಳನ್ನು ಇಟ್ಟುಕೊಂಡಿದೆ. ಅಮರಕೋಶದಲ್ಲಿ ದಂಡಕ್ಕೆ ವಿಹಂಗಿಕಾ, ಭಾರಯಷ್ಟಿ ಎಂಬ ಎರಡು ಹೆಸರುಗಳೂ, ಅದರಿಂದ ತೂಗುವ ಜಾಲಕ್ಕೆ ಶಿಕ್ಯ, ಕಾಚ ಎಂಬ ಹೆಸರುಗಳೂ ಇವೆ. ಭಾರಯಷ್ಟಿ ಎಂದರೆ ಹೊರೆಗೋಲು, ಅದರಲ್ಲಿ ವಿಶೇಷವಿಲ್ಲ. ವಿಹಂಗಿಕಾ ಎಂಬುದರಲ್ಲಿ ಮಾತ್ರ ಯಾರೋ ಒಬ್ಬ ಕಣ್ಣುಳ್ಳವನ ನೋಟವಿದೆ: ವಿಹಂಗ ಎಂದರೆ ಹಕ್ಕಿ, ಎರಡು ಕಡೆಗೂ ಚಾಚಿ ಹೆಜ್ಜೆಹೆಜ್ಜೆಗೂ ಬಡಿದಾಡುವ ದಂಡ ದೂರದಿಂದ ನೋಡುವವನಿಗೆ ರೆಕ್ಕೆಯಂತೆ ಕಂಡಿರಬೇಕು. ಈ ಪದ ಉತ್ತರದ ಆಡುನುಡಿಗಳಲ್ಲಿ ಬಹಂಗಿ ಎಂದು ಸವೆದು, ಬಿಹಾರದ ಛಠ್ ಹಬ್ಬದಲ್ಲಿ ನದಿಯ ದಡಕ್ಕೆ ನೈವೇದ್ಯ ಒಯ್ಯುವ ಹೊರೆಗೋಲಿನ ಹೆಸರಾಗಿ ಇಂದಿಗೂ ಉಳಿದಿದೆ. ಕಂಪನಿ ಸರ್ಕಾರದ ಕಾಲದಲ್ಲಿ ಅಂಚೆಯ ಕಟ್ಟುಗಳನ್ನು ಇಂಥ ದಂಡಗಳಲ್ಲಿ ಹೊತ್ತು ಸಾಗಿಸುತ್ತಿದ್ದುದರಿಂದ ಪಾರ್ಸೆಲ್ ಟಪಾಲಿಗೆ ಬಾಂಗಿ ಡಾಕ್ ಎಂಬ ಹೆಸರು ಬಂದಿತ್ತು. ಇನ್ನು ವಿವಧ ಎಂಬುದು ಸಂಸ್ಕೃತದಲ್ಲಿ ಹೊರೆದಂಡಕ್ಕಿರುವ ಮತ್ತೊಂದು ಪದ. ಅದನ್ನು ಹೊತ್ತು ಸಾಗುವವನನ್ನು ವೈವಧಿಕ ಎಂದು ಕರೆಯುವ ಬಗೆಯನ್ನು ಪಾಣಿನಿಯ ವ್ಯಾಕರಣವೇ ಒಂದು ಸೂತ್ರದಲ್ಲಿ ವಿವರಿಸುತ್ತದೆ. ಹೊರುವವನಿಗೆ ಹೆಸರು ಸಿಕ್ಕಿರುವ ಈ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಎಲ್ಲ ಹೊರುವವರಿಗೂ ಅದು ಸಿಕ್ಕಿಲ್ಲ.

ಕಾವಡಿಯ ಸಾಮಾಜಿಕ ಸ್ಥಾನವನ್ನು ತಿಳಿಯಲು ಬೌದ್ಧರ ವಿನಯಪಿಟಕದ ಒಂದು ಪ್ರಸಂಗ ಹೆಚ್ಚು ನೆರವಾಗುತ್ತದೆ. ವಿನಯಪಿಟಕ ಎಂದರೆ ಭಿಕ್ಷುಗಳ ನಡವಳಿಕೆಯ ನಿಯಮಗಳ ಸಂಗ್ರಹ. ಅದರ ಚುಲ್ಲವಗ್ಗ ಭಾಗದಲ್ಲಿ, ಕೆಲವು ಭಿಕ್ಷುಗಳು ಎರಡೂ ತುದಿಗೆ ಹೊರೆ ಇರುವ ದಂಡವನ್ನು, ಪಾಳಿಯಲ್ಲಿ ಉಭತೋಕಾಜವನ್ನು, ಹೊತ್ತು ಹೋಗುತ್ತಿದ್ದಾಗ ಅವರು ಅರಸನ ಹೊರೆಯಾಳುಗಳಂತೆ ಕಾಣುತ್ತಾರೆಂದು ಜನ ಆಕ್ಷೇಪಿಸಿದರೆಂದೂ, ಆಗ ಬುದ್ಧನು ಅದನ್ನು ನಿಷೇಧಿಸಿದನೆಂದೂ ಇದೆ. ನಿಷೇಧದ ಜೊತೆಯಲ್ಲಿಯೇ ಅನುಮತಿಯ ಪಟ್ಟಿಯೂ ಬರುತ್ತದೆ: ಒಂದೇ ತುದಿಗೆ ಹೊರೆಯಿರುವ ದಂಡ, ಇಬ್ಬರ ನಡುವೆ ಹೊರೆ ತೂಗುವ ದಂಡ, ತಲೆಹೊರೆ, ಹೆಗಲಹೊರೆ, ಸೊಂಟದ ಹೊರೆ, ಕೈಯಲ್ಲಿ ಇಳಿಬಿಟ್ಟುಕೊಂಡ ಹೊರೆ. ಭಾರತೀಯ ಉಪಖಂಡದಲ್ಲಿ ಮನುಷ್ಯದೇಹ ನೀರನ್ನೂ ಅನ್ನವನ್ನೂ ಹೊರುವ ಬಗೆಗಳೆಲ್ಲ ಈ ಆರು ಮಾತುಗಳಲ್ಲಿ ಬಹುಪಾಲು ಅಡಗಿವೆ. ಭಿಕ್ಷುವಿಗೆ ಹೊರೆ ವರ್ಜ್ಯವಾಗಿರಲಿಲ್ಲ, ಎರಡು ತುದಿಯ ಕಾವಡಿ ಮಾತ್ರ ವರ್ಜ್ಯವಾಗಿತ್ತು ಎಂಬುದರಿಂದ, ಅದು ಆ ಕಾಲಕ್ಕಾಗಲೇ ಕೂಲಿಯಾಳಿನ ಗುರುತಾಗಿ ನಿಂತಿತ್ತೆಂದು ಗೊತ್ತಾಗುತ್ತದೆ.

ಹೊರುವವನು ಆಳಾದರೂ ಹೊರೆ ಬದಲಾದಾಗ ದಂಡದ ಗೌರವ ಬದಲಾಗುತ್ತದೆ. ಕರ್ನಾಟಕದ ವೀರಶೈವ ಪೀಠಗಳಲ್ಲಿ ಜಗದ್ಗುರುಗಳಿಗೆ ಸಲ್ಲುವ ಅಡ್ಡಪಲ್ಲಕ್ಕಿಯನ್ನು ಬೀದಿಗೆ ಅಡ್ಡಲಾಗಿ, ಇಡೀ ದಾರಿಯನ್ನು ಆಕ್ರಮಿಸುವಂತೆ ಹೊರುವುದೇ ಅದರ ಮರ್ಯಾದೆ. ನೀರಿನ ಕಾವಡಿಗಾದರೆ ಅದೇ ಬೀದಿಯಲ್ಲಿ ಎಲ್ಲರೂ ದಾಟಿಹೋಗುವವರೆಗೆ ಬದಿಗೆ ಸರಿದು ನಿಲ್ಲುವುದು ವಾಡಿಕೆ.

ಕಾವಡಿಯನ್ನು ಜನಮನದಲ್ಲಿ ನೆಲೆಗೊಳಿಸಿದ ಕಥೆ ಶ್ರವಣಕುಮಾರನದು. ಕುರುಡ ತಂದೆತಾಯಿಯರನ್ನು ಎರಡು ಬುಟ್ಟಿಗಳಲ್ಲಿ ಕೂರಿಸಿ ಕಾವಡಿಯಲ್ಲಿ ಹೊತ್ತು ತೀರ್ಥಯಾತ್ರೆ ಮಾಡಿಸಿದ ಮಗನ ಚಿತ್ರ ಶಾಲೆಯ ಗೋಡೆಗಳ ಮೇಲೂ ಕ್ಯಾಲೆಂಡರುಗಳ ಮೇಲೂ ಇದ್ದದ್ದೇ. ಆದರೆ ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ದಶರಥನು ಸಾಯುವ ಮುನ್ನ ಕೌಸಲ್ಯೆಗೆ ಹೇಳುವ ಆ ಹಳೆಯ ಪಾತಕದ ವೃತ್ತಾಂತದಲ್ಲಿ ಹುಡುಗನಿಗೆ ಹೆಸರಿಲ್ಲ, ಅವನ ಹೆಗಲ ಮೇಲೆ ಕಾವಡಿಯೂ ಇಲ್ಲ. ಇರುವುದು ಒಂದು ಕೊಡ ಮಾತ್ರ. ಕತ್ತಲಲ್ಲಿ ಸರಯೂ ನದಿಯಲ್ಲಿ ಕೊಡ ತುಂಬುವ ಗುಳುಗುಳು ಸದ್ದನ್ನು ಆನೆಯ ಧ್ವನಿಯೆಂದು ತಿಳಿದು ಅರಸನು ಶಬ್ದದ ಜಾಡಿನಲ್ಲಿ ಬಾಣ ಬಿಡುತ್ತಾನೆ. ಬೌದ್ಧರ ಸಾಮ ಜಾತಕದಲ್ಲಿಯೂ ಕುರುಡ ತಂದೆತಾಯಿಯರಿಗೆ ನೀರು ತರಹೋದ ಮಗನಿಗೇ ಅರಸನ ಬಾಣ ತಾಗುತ್ತದೆ. ಸಾಂಚಿಯ ತೋರಣದ ಕೆತ್ತನೆಯಲ್ಲಿಯೂ ಅಜಂತಾದ 10ನೇ ಗುಹೆಯ ಚಿತ್ರದಲ್ಲಿಯೂ ಈ ಕಥೆ ಇದೆ. ತಂದೆತಾಯಿಯರನ್ನು ಹೊತ್ತ ಕಾವಡಿಯನ್ನು ಸೇರಿಸಿದ್ದು ನಂತರದ ಜನಪದ ಕಲ್ಪನೆ, ಅದು ತುಂಬ ಸುಂದರವಾದ ಕಲ್ಪನೆಯೂ ಹೌದು. ಆದರೂ ಕಥೆಯ ಮೂಲದ ತಿರುಳು ಮನೆಗೆ ನೀರು ತರುವ ಕೆಲಸದಲ್ಲಿದೆ, ಮತ್ತು ಆ ಕೆಲಸ ಮಾಡುತ್ತಿದ್ದವನು ಅರಸನ ಕಣ್ಣಿಗೆ ಮನುಷ್ಯನಾಗಿ ಕಾಣಲಿಲ್ಲ ಎಂಬುದರಲ್ಲಿದೆ.

ದೇವರ ಕಡೆಗೆ ನೀರು ಹೊರಟಾಗ ಕಾವಡಿಗೆ ಬರುವ ಘನತೆಯೇ ಬೇರೆ. ಉತ್ತರ ಭಾರತದ ಕಾಂವರ್ ಯಾತ್ರೆಯಲ್ಲಿ ಹರಿದ್ವಾರ, ಗೋಮುಖ ಮೊದಲಾದೆಡೆಗಳಿಂದ ಗಂಗೆಯ ನೀರನ್ನು ಹೊತ್ತು ಭಕ್ತರು ತಮ್ಮ ಊರಿನ ಶಿವಾಲಯಗಳಿಗೆ ನಡೆಯುತ್ತಾರೆ. ಬಿಹಾರದ ಸುಲ್ತಾನ್‌ಗಂಜ್‌ನಲ್ಲಿ ಗಂಗೆ ಉತ್ತರಮುಖವಾಗಿ ಹರಿಯುವ ಕಡೆ ನೀರು ತುಂಬಿಕೊಂಡು, ಸುಮಾರು 105 ಕಿಲೋಮೀಟರ್ ಬರಿಗಾಲಿನಲ್ಲಿ ನಡೆದು ದೇವಘರದ ವೈದ್ಯನಾಥನಿಗೆ ಅಭಿಷೇಕ ಮಾಡುತ್ತಾರೆ. ಅಲ್ಲಿನ ಪಂಚಾಂಗದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುವುದರಿಂದ ಅವರ ಶ್ರಾವಣ ಕನ್ನಡ ಪಂಚಾಂಗಕ್ಕಿಂತ ಹದಿನೈದು ದಿನ ಮೊದಲೇ ಆರಂಭವಾಗುತ್ತದೆ. ಹರಿದ್ವಾರದ ಕಾಂವರ್ ಯಾತ್ರೆ ಮುಗಿಯುವ ಶಿವರಾತ್ರಿ ಕರ್ನಾಟಕದಲ್ಲಿ ಭೀಮನ ಅಮಾವಾಸ್ಯೆಯ ಹಿಂದಿನ ದಿನ. ತುಂಬಿದ ಕಾಂವರ್ ನೆಲ ಮುಟ್ಟಬಾರದು ಎಂಬುದು ಈ ಯಾತ್ರೆಯ ಕಟ್ಟುನಿಟ್ಟಾದ ನಿಯಮ. ಆದ್ದರಿಂದ ದಾರಿಯುದ್ದಕ್ಕೂ ಅದನ್ನು ತೂಗುಹಾಕಲು ಗಳುಗಳನ್ನು ಕಟ್ಟಿರುತ್ತಾರೆ, ನಡೆಯುವವರಿಗೆ ಊಟ, ನೀರು, ನೆರಳು ಒದಗಿಸುವುದನ್ನು ಊರವರು ಪುಣ್ಯವೆಂದು ಎಣಿಸುತ್ತಾರೆ. ಹೊತ್ತವನು ಯಾತ್ರೆಯ ದಿನಗಳ ಮಟ್ಟಿಗೆ ತನ್ನ ಹೆಸರನ್ನು ಬಿಟ್ಟು ಕಾಂವರಿಯಾ ಆಗುತ್ತಾನೆ.

ಕರ್ನಾಟಕಕ್ಕೆ ಹತ್ತಿರದ ಉದಾಹರಣೆ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಶಿಖರ ಶಿಂಗಣಾಪುರದ್ದು. ಚೈತ್ರಮಾಸದ ಜಾತ್ರೆಗೆ ಪುಣೆ ಸೀಮೆಯ ಸಾಸವಡದಿಂದ ಕಱ್ಹಾ ನದಿಯ ನೀರು ತುಂಬಿದ ದೊಡ್ಡ ಕಾವಡಿಗಳನ್ನು ಹೊತ್ತು ಬರುವವರು, ಮುಂಗೀ ಘಾಟಿನ ಕಡಿದಾದ ಬಂಡೆಯ ಏರನ್ನು ಕೈಕೈ ಹಿಡಿದು ಮನುಷ್ಯಸರಪಳಿಯಾಗಿ ಹತ್ತಿ ಶಂಭು ಮಹಾದೇವನ ಗುಡಿ ಸೇರುತ್ತಾರೆ. ಈ ದೇವರ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದ ಮರಾಠಿ ಸಂಶೋಧಕ ರಾ. ಚಿಂ. ಢೇರೆ ಅವರು ಗದಗ ಸೀಮೆಯ ಸೊರಟೂರಿನೊಂದಿಗೆ ಈ ಕ್ಷೇತ್ರಕ್ಕಿರುವ ನಂಟನ್ನು ಚರ್ಚಿಸಿದ್ದಾರೆ.

ಬೆಂಗಳೂರಿನ ಓದುಗರಿಗೆ ಕಾವಡಿ ಎಂದೊಡನೆ ಮನಸ್ಸಿಗೆ ಬರುವುದು ಆಡಿಕೃತ್ತಿಕೆಯ ದಿನ ನವಿಲುಗರಿ, ಹೂವುಗಳಿಂದ ಸಿಂಗರಿಸಿದ ಕಮಾನನ್ನು ಹೊತ್ತು ಮುರುಗನ ಗುಡಿಗೆ ಹೋಗುವ ಮೆರವಣಿಗೆ. ಅದರ ಹಿಂದಿನ ಪುರಾಣದಲ್ಲಿ ಇಡುಂಬನೆಂಬವನು ಅಗಸ್ತ್ಯರ ಮಾತಿನಂತೆ ಶಿವಗಿರಿ ಶಕ್ತಿಗಿರಿಗಳೆಂಬ ಎರಡು ಬೆಟ್ಟಗಳನ್ನು ಹಾವುಗಳ ನೆಲವಿನಲ್ಲಿ ಕಟ್ಟಿ ಹೊತ್ತು ತಂದು ಪಳನಿಯಲ್ಲಿ ಇಳಿಸುತ್ತಾನೆ. ಹಾಲಿನ ಕಾವಡಿ, ಹೂವಿನ ಕಾವಡಿ, ವೇಲಿನ ಕಾವಡಿ ಎಂದು ಇದರ ಬಗೆಗಳು ಹಲವು. ಈ ಆಡಂಬರದಲ್ಲಿ ಪದದ ಹಳೆಯ ಕಸುಬು ಮರೆತುಹೋದಂತೆ ಕಂಡರೂ ಪಳನಿಯಲ್ಲಿಯೇ ಅದು ಉಳಿದಿದೆ. ಪಂಗುನಿ ಉತ್ತರದ ಹಬ್ಬಕ್ಕೆ ಭಕ್ತರು ಕೊಡುಮುಡಿಯಲ್ಲಿ ಕಾವೇರಿಯ ನೀರನ್ನು ತುಂಬಿಕೊಂಡು ತೀರ್ಥಕಾವಡಿಯಲ್ಲಿ ಹೊತ್ತು ಬಿರುಬಿಸಿಲಿನಲ್ಲಿ ಪಳನಿಗೆ ನಡೆಯುತ್ತಾರೆ. ಕೊಡಗಿನಲ್ಲಿ ಹುಟ್ಟಿದ ನೀರು ಹರಿದಷ್ಟು ದೂರ ಹರಿದು, ಅಲ್ಲಿಂದ ಮುಂದಿನ ದಾರಿಯನ್ನು ಮನುಷ್ಯರ ಹೆಗಲ ಮೇಲೆ ಸಾಗುತ್ತದೆ.

ಕನ್ನಡಕ್ಕೆ ತನ್ನದೇ ಆದ ಒಂದು ಪದ ಈ ಸಂದರ್ಭದಲ್ಲಿದೆ, ಅದು ಅಗ್ಘವಣಿ. ಸಂಸ್ಕೃತದ ಅರ್ಘ್ಯಪಾನೀಯ ಎಂಬುದು ಪ್ರಾಕೃತದ ಬಾಯಲ್ಲಿ ಮೆತ್ತಗಾಗಿ ಕನ್ನಡಕ್ಕೆ ಬಂದಾಗ ಅಗ್ಘವಣಿ, ಅಗ್ಗವಣಿ ಆಯಿತು. ಅರ್ಥ, ದೇವರ ಮಜ್ಜನಕ್ಕೆಂದು ತರುವ ನೀರು. ಮಜ್ಜನ ಎಂದರೆ ಮೀಯಿಸುವುದು. 12ನೆಯ ಶತಮಾನದ ಶರಣರ ನಡುವೆ ಈ ಕೆಲಸದಿಂದಲೇ ಹೆಸರು ಪಡೆದ ವಚನಕಾರರು ಇಬ್ಬರಿದ್ದಾರೆ. ಒಬ್ಬ ಅಗ್ಘವಣಿ ಹೊನ್ನಯ್ಯ, ಇನ್ನೊಬ್ಬ ಅಗ್ಘವಣಿ ಹಂಪಯ್ಯ. ಹೊನ್ನಯ್ಯನ ಅಂಕಿತ ಹುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಸೋಮನಾಥನದಾದರೆ, ಹಂಪಯ್ಯನ ಅಂಕಿತದಲ್ಲಿ ಹಂಪೆಯ ವಿರೂಪಾಕ್ಷನ ಹೆಸರಿದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ ಎಂದು ಕಾಯಕವನ್ನೇ ಹೆಸರಿನ ಮುಂದೆ ಹೊತ್ತವರ ಸಾಲಿನಲ್ಲಿ ನೀರು ಹೊರುವವನೂ ನಿಂತಿದ್ದಾನೆ. ಬಟ್ಟೆ ಒಗೆಯುವುದು, ದೋಣಿ ನಡೆಸುವುದು, ಹುಲ್ಲಿನ ಹಗ್ಗ ಹೊಸೆಯುವುದು, ದನ ಕಾಯುವುದು ಇವುಗಳಿಗೆ ಸಮನಾಗಿ ನೀರು ತರುವುದನ್ನೂ ಕಾಯಕವೆಂದು ಎಣಿಸಿದ ಕಾಲ ಅದು.

ಸಾಲಿನಲ್ಲಿ ಅವನು ನಿಲ್ಲಲು ಕಾರಣವಾದದ್ದು ಲಿಂಗಕ್ಕೆ ತಂದ ನೀರು ಎಂಬುದನ್ನು ಮಾತ್ರ ಕಡೆಗಣಿಸಲಾಗದು. ಮನೆಮನೆಗೆ ನೀರು ತಂದವರ ಕಸುಬು ಹೆಸರಿನ ಮುಂದೆ ಹೀಗೆ ಬಿರುದಾಗಿ ಕುಳಿತದ್ದು ಕಾಣುವುದಿಲ್ಲ. ಶ್ರೀವೈಷ್ಣವ ಪರಂಪರೆಯಲ್ಲಿಯೂ ಹೀಗೆಯೇ. ಮೇಲುಕೋಟೆಯ ಮೂಲಕ ಕನ್ನಡಿಗರಿಗೆ ಹತ್ತಿರವಾದ ರಾಮಾನುಜರು ಕಾಂಚಿಯಲ್ಲಿದ್ದಾಗ ಶಾಲೈ ಕಿಣರು ಎಂಬ ಬಾವಿಯಿಂದ ವರದರಾಜನಿಗೆ ದಿನವೂ ನೀರು ತರುತ್ತಿದ್ದರೆಂದು ಗುರುಪರಂಪರೆಯ ಕಥೆಗಳು ಹೇಳುತ್ತವೆ. ಅವರ ಸೋದರಮಾವ ತಿರುಮಲೆನಂಬಿಗಳು ತಿರುಮಲೆಯಲ್ಲಿ ಪಾಪವಿನಾಶನದಿಂದ ಗುಡಿಯವರೆಗೆ ಕೊಡ ಹೊರುತ್ತಿದ್ದವರು. ಒಂದು ದಿನ ದಾರಿಯಲ್ಲಿ ಬೇಡನೊಬ್ಬನು ತಾತಾ ಎಂದು ಕರೆದು ಬಾಯಾರಿಕೆಗೆ ನೀರು ಕೇಳಿದಾಗ, ದೇವರ ನೀರೆಂದು ಅವರು ಕೊಡಲಿಲ್ಲ. ಬೇಡನು ಬಾಣದಿಂದ ಕೊಡಕ್ಕೆ ತೂತು ಮಾಡಿ ಕುಡಿದನು, ಬಳಿಕ ಗುಡ್ಡಕ್ಕೆ ಬಾಣ ಹೊಡೆದು ಆಕಾಶಗಂಗೆಯ ಹತ್ತಿರದ ಸೆಲೆಯನ್ನು ತೋರಿಸಿ ಮರೆಯಾದನು. ಈ ಘಟನೆಯ ನೆನಪಿಗೆ ತಿರುಮಲೆಯಲ್ಲಿ ಇಂದಿಗೂ ತಣ್ಣೀರಮುದು ಉತ್ಸವ ನಡೆಯುತ್ತದೆ. ಕೇಳಿದವನು ಸ್ವಾಮಿಯೇ ಆಗಿದ್ದನೆಂಬುದು ಕಥೆಯ ಸಮಾಧಾನ. ಕೇಳಿದವನು ಬರಿಯ ಬೇಡನೇ ಆಗಿದ್ದರೆ ಎಂಬ ಪ್ರಶ್ನೆಯನ್ನು ಅದು ಎತ್ತುವುದಿಲ್ಲ.

ಆ ಪ್ರಶ್ನೆಯನ್ನು ಎತ್ತಿ, ಹಿಂಜರಿಕೆಯಿಲ್ಲದೆ ಉತ್ತರಿಸಿದ್ದು ಪೈಠಣದ ಸಂತ ಏಕನಾಥರ ಚರಿತ್ರೆ. 16ನೆಯ ಶತಮಾನದ ಏಕನಾಥರು ಕಾಶಿಯ ಗಂಗೆಯನ್ನು ಕಾವಡಿಯಲ್ಲಿ ತುಂಬಿಕೊಂಡು ರಾಮೇಶ್ವರನ ಅಭಿಷೇಕಕ್ಕೆಂದು ನಡೆಯುತ್ತಿದ್ದಾಗ, ದಾರಿಯ ಮರಳಿನಲ್ಲಿ ಬಾಯಾರಿ ಬಿದ್ದು ಒದ್ದಾಡುತ್ತಿದ್ದ ಕತ್ತೆಯೊಂದನ್ನು ಕಂಡು ಆ ನೀರನ್ನು ಅದರ ಬಾಯಿಗೆ ಸುರಿದರು. ತಿಂಗಳುಗಟ್ಟಲೆ ಹೊತ್ತ ಹೊರೆ, ನೆಲ ಮುಟ್ಟಿಸದೆ ಕಾಪಾಡಿದ ಪಾವಿತ್ರ್ಯ, ಎಲ್ಲವೂ ಒಂದು ಪ್ರಾಣಿಯ ಗಂಟಲಿನಲ್ಲಿ ಇಳಿದುಹೋದವು, ಮತ್ತು ರಾಮೇಶ್ವರನ ಸೇವೆ ಅಲ್ಲಿಗೇ ಸಂದಿತೆಂದು ಅವರು ಭಾವಿಸಿದರು. ಇಲ್ಲಿ ಕತ್ತೆ ದೇವರಾಗಿ ಬದಲಾಗಿ ಪ್ರಕಟವಾಗಬೇಕಾದ ಅಗತ್ಯ ಕಥೆಗೆ ಇಲ್ಲ, ಅದರ ಬಾಯಾರಿಕೆಯೊಂದೇ ಸಾಕಾಗಿದೆ. ಅದೇ ಚರಿತ್ರೆಯ ಇನ್ನೊಂದು ಪ್ರಸಂಗದಲ್ಲಿ ಶ್ರೀಕೃಷ್ಣನು ಶ್ರೀಖಂಡ್ಯನೆಂಬ ಆಳಿನ ವೇಷದಲ್ಲಿ ಏಕನಾಥರ ಮನೆಗೆ ಬಂದು ಹನ್ನೆರಡು ವರ್ಷ ಗೋದಾವರಿಯಿಂದ ಕಾವಡಿಯಲ್ಲಿ ನೀರು ಹೊತ್ತನೆಂದಿದೆ. ಅವನು ತುಂಬುತ್ತಿದ್ದನೆಂದು ಹೇಳುವ ನೀರಿನ ದೊಡ್ಡ ರಾಂಜಣವನ್ನು, ಅಂದರೆ ಗುಡಾಣವನ್ನು, ಏಕನಾಥ ಷಷ್ಠಿಯ ಹೊತ್ತಿಗೆ ಭಕ್ತರು ಈಗಲೂ ಗೋದಾವರಿಯ ನೀರಿನಿಂದ ತುಂಬುತ್ತಾರೆ. ಮೇಲೆ ಹೇಳಿದ ಎಲ್ಲ ಯಾತ್ರೆಗಳಲ್ಲಿಯೂ ಮನುಷ್ಯನು ದೇವರಿಗೆ ನೀರು ಹೊರುತ್ತಾನೆ. ಪೈಠಣದಲ್ಲಿ ಮಾತ್ರ ದೇವರು ಮನೆಬಳಕೆಗೆ, ಅಡುಗೆಗೆ, ಅತಿಥಿಗಳ ಕಾಲು ತೊಳೆಯಲು ನೀರು ಹೊರುತ್ತಾನೆ. ಕಾವಡಿಯ ಎರಡು ತುದಿಗಳೂ ಸಮತೂಕಕ್ಕೆ ಬಂದ ಕಥೆ ಇದೊಂದೇ ಎಂದರೆ ಅತಿಶಯವಾಗಲಾರದು.

ಏಕೆಂದರೆ ಮನೆಯ ನೀರಿನ ವಿಷಯದಲ್ಲಿ ಹೊರುವವರು ಬೇರೆ. ಕಾವಡಿ ಹೆಚ್ಚಾಗಿ ಗಂಡಸರ ಸಾಧನ; ಹೆಂಗಸರು ಬಟ್ಟೆಯನ್ನೋ ಹುಲ್ಲನ್ನೋ ಬಳೆಯಾಕಾರಕ್ಕೆ ಸುತ್ತಿದ ಸಿಂಬಿಯನ್ನು ತಲೆಯ ಮೇಲಿಟ್ಟು, ಅದರ ಮೇಲೆ ಕೊಡ, ಕೊಡದ ಮೇಲೆ ಇನ್ನೊಂದು ಸಣ್ಣ ಕೊಡ, ಸೊಂಟದಲ್ಲಿ ಮತ್ತೊಂದು ಬಿಂದಿಗೆ ಎಂಬಂತೆ ಹೊತ್ತವರು. 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು, ಕೀನ್ಯಾದ ಲುವೋ ಮತ್ತು ಕಿಕುಯು ಹೆಂಗಸರು ತಮ್ಮ ದೇಹತೂಕದ ಶೇಕಡ 20ರವರೆಗಿನ ಭಾರವನ್ನು ಹೆಚ್ಚುವರಿ ಶಕ್ತಿ ವ್ಯಯಿಸದೆ ಹೊರಬಲ್ಲರೆಂದು ತೋರಿಸಿ ವಿಜ್ಞಾನಿಗಳನ್ನು ಬೆರಗುಗೊಳಿಸಿತ್ತು. ಅಂಥ ನಡಿಗೆ ಬಾಲ್ಯದಿಂದ ದಿನವೂ ಹೊತ್ತವರಿಗೆ ಒಲಿಯುವಂಥದು ಎಂಬುದನ್ನು ಆ ಬೆರಗಿನ ಜೊತೆಗೆ ಓದಬೇಕು. ಅಲ್ಲದೆ 50 ಕಿಲೋ ತೂಗುವ ಹೆಂಗಸಿಗೆ ಶೇಕಡ 20 ಎಂದರೆ 10 ಕಿಲೋ. 15 ಲೀಟರಿನ ಒಂದೇ ಬಿಂದಿಗೆ ಆ ಮಿತಿಯನ್ನು ದಾಟುತ್ತದೆ.

ರಾಜಸ್ಥಾನದ ನುಡಿಯಲ್ಲಿ ನೀರು ತರುವ ಹೆಂಗಸಿಗೆ ಪಣಿಹಾರಿ ಎಂಬ ಹೆಸರಿದೆ. ದಿನಬಳಕೆಯ ಕನ್ನಡದಲ್ಲಿ ಅಂಥ ಒಂಟಿಪದ ಕಾಣುವುದಿಲ್ಲ, ಇರುವುದು ನೀರಿಗೆ ಹೋದಳು ಎಂಬ ಕ್ರಿಯೆ ಮಾತ್ರ. ಹೋಗುವುದನ್ನು ಹೇಳುವ ಈ ಮಾತು ಹೊತ್ತು ಬರುವುದನ್ನು ಹೇಳುವುದಿಲ್ಲ. ಖಾಲಿ ಕೊಡದ ಅರ್ಧದಾರಿಗೆ ಭಾಷೆಯಲ್ಲಿ ಜಾಗವಿದೆ, ತುಂಬಿದ ಕೊಡದ ಉಳಿದರ್ಧವನ್ನು ಕೇಳುವವನು ಊಹಿಸಿಕೊಳ್ಳಬೇಕು. ಕಾಂವರಿಯಾ, ವೈವಧಿಕ, ಅಗ್ಘವಣಿ ಎಂಬ ಹೆಸರುಗಳ ಪಕ್ಕದಲ್ಲಿ ಈ ಹೆಸರಿಲ್ಲದಿರುವಿಕೆ ಎದ್ದು ಕಾಣುತ್ತದೆ.

ಹೊರು ಎಂಬ ಕ್ರಿಯಾಪದದ ಚರಿತ್ರೆಯಲ್ಲಿ ಇನ್ನೊಂದು ಸಂಗತಿಯಿದೆ. ಹಳಗನ್ನಡದಲ್ಲಿ ಇದು ಶಕಟರೇಫದ, ಅಂದರೆ ಱ ಅಕ್ಷರದ, ಪೊಱು; ಅದರಿಂದಾದ ನಾಮಪದ ಪೊಱೆ, ಭಾರ. ಸಾಮಾನ್ಯ ರೇಫದ ಪೊರೆ ಎಂಬುದು ಬೇರೆಯೇ ಧಾತು, ಅದಕ್ಕೆ ಸಾಕು, ಪೋಷಿಸು, ಕಾಪಾಡು ಎಂಬ ಅರ್ಥಗಳಿವೆ. ಕಾಲಕ್ರಮದಲ್ಲಿ ಱ ಅಕ್ಷರ ರ ಅಕ್ಷರದಲ್ಲಿ ಕರಗಿ, ಪಕಾರ ಹಕಾರವಾದಾಗ, ಭಾರ ಎಂಬ ಅರ್ಥದ ಹೊರೆಯೂ ಹೊಟ್ಟೆ ಹೊರೆಯುವುದು ಎಂಬಲ್ಲಿನ ಹೊರೆಯೂ ಒಂದೇ ರೂಪಕ್ಕೆ ಬಂದು ನಿಂತವು. ವ್ಯಾಕರಣದ ದೃಷ್ಟಿಯಲ್ಲಿ ಇದು ಆಕಸ್ಮಿಕ. ಆದರೆ ನಾಲ್ಕು ಜನರಿಗೆ ನೀರು ತಂದು ಸಂಸಾರ ತೂಗಿಸುವ ಮನೆಯಲ್ಲಿ ಹೊರುವುದಕ್ಕೂ ಹೊರೆಯುವುದಕ್ಕೂ ನಡುವೆ ಅಂತರ ಉಳಿಯುವುದಿಲ್ಲವಾದ್ದರಿಂದ, ಕನ್ನಡ ಈ ಎರಡನ್ನು ಒಂದಾಗಿಸಿದ್ದು ಬಾಳಿಗೆ ಹತ್ತಿರವಾದ ಆಕಸ್ಮಿಕವೆಂದೇ ತೋರುತ್ತದೆ.

ಹೊರುವ ಹಕ್ಕು ಕೂಡ ಎಲ್ಲರಿಗೂ ಇರಲಿಲ್ಲ. ಊರ ಬಾವಿಯನ್ನು ಮುಟ್ಟಬಾರದೆಂದು ತಡೆಯಲ್ಪಟ್ಟವರು ತಮ್ಮ ಕೊಡವನ್ನು ದೂರದಲ್ಲಿಟ್ಟು, ಸೇದುವವರು ಯಾರಾದರೂ ಕನಿಕರಿಸಿ ಸುರಿಯುವವರೆಗೆ ಕಾಯಬೇಕಾಗಿತ್ತು. 1927ರ ಮಾರ್ಚ್ 20ರಂದು ಡಾ. ಬಿ. ಆರ್. ಅಂಬೇಡ್ಕರ್ ಅವರು ಮಹಾಡದ ಚವದಾರ ಕೆರೆಯಲ್ಲಿ ಸಾವಿರಾರು ಜನರೊಡನೆ ಇಳಿದು ಬೊಗಸೆಯಲ್ಲಿ ನೀರೆತ್ತಿದ್ದು ಆ ಕಾಯುವಿಕೆಯ ವಿರುದ್ಧ. ಗುಡಿಯ ಕಾವಡಿಯ ಪಾವಿತ್ರ್ಯದ ಬಗ್ಗೆ ಬರೆಯುವವರು ಈ ದಿನಾಂಕವನ್ನು ಬಿಟ್ಟು ಬರೆದರೆ ಚರಿತ್ರೆ ಒಂದು ಬದಿಗೆ ವಾಲುತ್ತದೆ.

ನಲ್ಲಿ ಬಂದ ಮೇಲೆ ಕ್ರಿಯಾಪದಗಳೇ ಬದಲಾದವು. ಬಾವಿಯಿಂದ ಸೇದುವುದು, ಕೆರೆಯಿಂದ ಮೊಗೆಯುವುದು, ಹಾದಿಯುದ್ದ ಹೊರುವುದು ಎಂಬ ಮೂರು ಮಾತುಗಳ ಜಾಗದಲ್ಲಿ ನೀರು ಹಿಡಿಯುವುದು ಎಂಬ ಒಂದು ಮಾತು ಬಂದಿತು. ನೀರು ಬಿಡುವ ಅಧಿಕಾರ ಬೇರೊಬ್ಬರ ಕೈಗೆ ಹೋಯಿತು. ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಕೊಳವೆಯ ಮೂಲಕ ನೀರು ಹರಿದದ್ದು 1896ರಲ್ಲಿ. ಆದರೆ ನಾಡಿನ ಹಳ್ಳಿಗಳಲ್ಲಿ ಹೊರುವ ಕಾಲ ಅಷ್ಟು ಬೇಗ ಮುಗಿಯಲಿಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಪ್ರತಿ ಗ್ರಾಮೀಣ ಮನೆಗೆ ನಲ್ಲಿ ಹಾಕಿ ತಲೆಗೆ ದಿನಕ್ಕೆ 55 ಲೀಟರ್ ಕೊಡುವ ಗುರಿ ಇಟ್ಟುಕೊಂಡಿದೆ. ಐದು ಜನರ ಮನೆಗೆ ಅದು 275 ಲೀಟರ್. ನಲ್ಲಿಯಿಲ್ಲದೆ ಅಷ್ಟನ್ನು ತರಬೇಕಾದರೆ 15 ಲೀಟರಿನ ಬಿಂದಿಗೆಯಲ್ಲಿ ಹತ್ತೊಂಬತ್ತು ಸಲ, ಕಾವಡಿಯಲ್ಲಿ ಹತ್ತು ಸಲ ನಡೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ 180 ಕೋಟಿ ಜನರ ಮನೆಯಂಗಳದಲ್ಲಿ ನೀರಿಲ್ಲ, ಅಂಥ ಮನೆಗಳಲ್ಲಿ ಹತ್ತಕ್ಕೆ ಏಳರಲ್ಲಿ ನೀರು ತರುವ ಹೊಣೆ ಹೆಂಗಸರದು ಮತ್ತು ಹೆಣ್ಣುಮಕ್ಕಳದು.

ನೀರಿನ ಅಭಾವವಿರುವ ಊರುಗಳಲ್ಲಿ ಬೇಸಿಗೆ ಬಂದರೆ ಕಾವಡಿಯ ತತ್ತ್ವ ಬೇರೆ ರೂಪದಲ್ಲಿ ಕಣ್ಣಿಗೆ ಬೀಳುತ್ತದೆ. ಸೈಕಲ್ಲಿನ ಹಿಂದಿನ ಕ್ಯಾರಿಯರಿಗೆ ಅಡ್ಡಲಾಗಿ ಹಗ್ಗ ಬಿಗಿದು, ಅದರ ಎರಡೂ ಕೊನೆಗೆ ಪ್ಲಾಸ್ಟಿಕ್ ಕೊಡಗಳನ್ನು ಕುತ್ತಿಗೆಗೆ ಕುಣಿಕೆ ಹಾಕಿ ಇಳಿಬಿಟ್ಟು, ಟ್ಯಾಂಕರ್ ನಿಂತ ಜಾಗದಿಂದ ಮನೆಯವರೆಗೆ ತಳ್ಳಿಕೊಂಡು ಬರುತ್ತಾರೆ. ಬಿದಿರು ಇಲ್ಲ, ಹೆಗಲೂ ಇಲ್ಲ, ಆದರೆ ಒಂದು ಬದಿಯ ಕೊಡವನ್ನು ಬಿಚ್ಚುವ ಮುನ್ನ ಇನ್ನೊಂದು ಬದಿಯನ್ನು ಯಾರಾದರೂ ಹಿಡಿದುಕೊಳ್ಳಲೇಬೇಕು. ಸೈಕಲ್ಲಿನ ಆ ಬದಿಗೆ ಸಾಮಾನ್ಯವಾಗಿ ಮನೆಯ ಹುಡುಗಿಯೊಬ್ಬಳು ನಿಂತಿರುತ್ತಾಳೆ.